ನಿಮಗಿದು ಗೊತ್ತೆ? ಹಾಲಿನ ಬೆಲೆ ಏರಿಸಿದ್ದು ಗ್ರಾಹಕರೇ!

ಫ್ರಾನ್ಸ್‌ನಲ್ಲಿ ಹಾಲು ಕೊಳ್ಳುವವರೇ ರೈತರಿಗಾಗಿ ಹೆಚ್ಚಿನ ಬೆಲೆ ಗೊತ್ತುಪಡಿಸಿದ ಉದಾಹರಣೆಯಿದೆ.

● 2015ರಲ್ಲಿ ಐರೋಪ್ಯ ಒಕ್ಕೂಟ ಹಾಲಿನ ಉತ್ಪಾದನೆಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಆ ಹೊತ್ತಿಗೆ ದರವೂ ಕುಸಿದು, ಅನೇಕ ಹೈನುಗಾರರಿಗೆ ಹಾಕಿದ ಖರ್ಚೂ ಹುಟ್ಟದಾಯಿತು.

● 2016ರಲ್ಲಿ ನಿಕೊಲಾ ಶಬಾನ್ ಎಂಬವರು ‘ಯಜಮಾನ ಯಾರು?’ ಎಂಬ ಅರ್ಥದ ಹೆಸರಿನಲ್ಲಿ ಗ್ರಾಹಕರದೇ ಬ್ರ್ಯಾಂಡ್ ಶುರುಮಾಡಿದರು.

● ಆನ್‌ಲೈನ್ ಪ್ರಶ್ನಾವಳಿಯಲ್ಲಿ ಜನ ಮತ ಹಾಕಿದರು. ಹಸುಗಳು ಬಯಲಲ್ಲಿ ಮೇಯಬೇಕೆ? ಕುಲಾಂತರಿ ಮೇವು ಬೇಡವೆ? ರೈತರಿಗೆ ಎಷ್ಟು ಸಿಗಬೇಕು? ಯಾವ ಆಯ್ಕೆಗೆ ಲೀಟರಿನ ಬೆಲೆ ಎಷ್ಟು ಸೆಂಟ್ ಏರುತ್ತದೆ ಎಂಬುದೂ ಅಲ್ಲೇ ಕಾಣುತ್ತಿತ್ತು.

● ಸಾವಿರಾರು ಮಂದಿ ಸೇರಿ ನಿಗದಿಪಡಿಸಿದ ಬೆಲೆ ಲೀಟರಿಗೆ 99 ಸೆಂಟ್. ಅದರಲ್ಲಿ ರೈತರ ಪಾಲು 39 ಸೆಂಟ್; ಆಗಿನ ಮಾರುಕಟ್ಟೆ ದರಕ್ಕಿಂತ ಸಾಕಷ್ಟು ಹೆಚ್ಚು.

● ನೀಲಿ ಪೊಟ್ಟಣದ ಈ ಹಾಲು ಕೋಟಿಗಟ್ಟಲೆ ಲೀಟರ್ ಮಾರಾಟವಾಯಿತು. ಮುಂದೆ ಬೆಣ್ಣೆ, ಮೊಟ್ಟೆ, ಜೇನುತುಪ್ಪವೂ ಇದೇ ದಾರಿಯಲ್ಲಿ ಬಂದವು.

● ಹೆಚ್ಚು ಕೊಡುವ ಮಾತು ಬೇರೆಡೆಯೂ ಕೇಳಿಬಂದಿದೆ: 31 ದೇಶಗಳ 20,000ಕ್ಕೂ ಹೆಚ್ಚು ಗ್ರಾಹಕರನ್ನು ಮಾತಾಡಿಸಿದ ಸಲಹಾ ಸಂಸ್ಥೆ ಪಿಡಬ್ಲ್ಯುಸಿಯ 2024ರ ಸಮೀಕ್ಷೆಯಲ್ಲಿ, ಪರಿಸರಕ್ಕೆ ಹಿತವಾಗಿ ತಯಾರಾದ ವಸ್ತುಗಳಿಗೆ ಸರಾಸರಿ ಶೇ 9.7ರಷ್ಟು ಹೆಚ್ಚು ಕೊಡಲು ಸಿದ್ಧ ಎಂಬ ಉತ್ತರ ಬಂದಿತ್ತು.

ಹೀಗೆ ಹೇಳುವುದು ಸುಲಭ. ಆದರೆ ಅಂಗಡಿಯಲ್ಲಿ ಕೈ ಅಗ್ಗದ ಪೊಟ್ಟಣದತ್ತಲೇ ಹೋಗುತ್ತದೆ. ಆದರೂ ತಾವು ಕೊಟ್ಟ ಹೆಚ್ಚುವರಿ ಹಣ ಯಾರ ಕೈ ಸೇರುತ್ತದೆ ಎಂಬುದು ಸ್ಪಷ್ಟವಿದ್ದರೆ ಜನ ಮನಸ್ಸು ಮಾಡುತ್ತಾರೆ ಎಂಬುದನ್ನು ಫ್ರಾನ್ಸ್‌ನ ಹಾಲು ತೋರಿಸಿದೆ. ಆ ಲೆಕ್ಕವನ್ನು ಪೊಟ್ಟಣದ ಮೇಲೇ ತಿಳಿಸುವುದು ಎಲ್ಲ ಮಾರಾಟಗಾರರ ಕರ್ತವ್ಯವಾಗಬೇಕು.