ಲಕ್ವ ಹೊಡೆದಾಗ ಹೃದಯದ ಗೆರೆ

ತುಂಗಭದ್ರೆಯ ದಂಡೆಯ ಕೆಂಚನಗುಡ್ಡದಲ್ಲಿ ಬೆಳಗಿನ ಹೊತ್ತು. ನಿಮ್ಮ ತಂದೆಯವರ ಕೈಯಿಂದ ಕಾಫಿಯ ಲೋಟ ಜಾರುತ್ತದೆ. ಬಾಯಿ ಒಂದು ಕಡೆಗೆ ವಾಲುತ್ತದೆ, ಮಾತು ತೊದಲುತ್ತದೆ ಎಂದಿಟ್ಟುಕೊಳ್ಳಿ. ನೀವು 108ಕ್ಕೆ ಕರೆ ಮಾಡುತ್ತೀರಿ. ಆಂಬುಲೆನ್ಸು ಬಂದೊಡನೆ ಯಾರೋ ಹಿರಿಯರು, "ತಮ್ಮಾ, ಮೊದಲು ಇ.ಸಿ.ಜಿ. ತೆಗೀರಪ್ಪಾ" ಎನ್ನುತ್ತಾರೆ.

ಈ ಮಾತು ಸಹಜವಾದುದೇ. ಎದೆನೋವು ಬಂದವರಿಗೆ ಹೃದಯದ ಗೆರೆಯೇ ದಾರಿದೀಪ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ 'ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಗೆರೆಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಆದರೆ ಲಕ್ವದ ಮಾತೇ ಬೇರೆ.

ಲಕ್ವದಲ್ಲಿ ಪೆಟ್ಟು ಬೀಳುವುದು ಮಿದುಳಿಗೆ. ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರಬಹುದು, ಇಲ್ಲವೆ ನಾಳ ಒಡೆದು ರಕ್ತ ಸುರಿದಿರಬಹುದು. ಹೆಪ್ಪು ಕರಗಿಸುವ ಔಷಧಿ ಮೊದಲನೆಯವರಿಗೆ ವರ. ಎರಡನೆಯವರಿಗೆ ಕೊಟ್ಟರೆ ಅಪಾಯ. ಇವೆರಡರ ಭೇದವನ್ನು ಹೃದಯದ ಗೆರೆ ಹೇಳಲಾರದು, ಅದಕ್ಕೆ ಸಿ.ಟಿ. ಸ್ಕ್ಯಾನ್ ಬೇಕು. ಆ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ತೋರಿದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಕೆಂಚನಗುಡ್ಡದಿಂದ ಸಿರುಗುಪ್ಪ ದಾಟಿ ಬಳ್ಳಾರಿ ಸೇರಲು 50 ಕಿಲೋಮೀಟರಿಗೂ ಹೆಚ್ಚು ದಾರಿ. ಆ ಗಂಟೆಗಳಲ್ಲಿ ದಾರಿಗೇ ಎಷ್ಟು ಹೋಗುತ್ತದೆಂದು ನೀವೇ ಲೆಕ್ಕ ಹಾಕಿ.

ಹಾಗಾದರೆ ಇ.ಸಿ.ಜಿ. ವ್ಯರ್ಥವೆ? ಅಲ್ಲ. ಹೃದಯದ ಮೇಲಿನ ಕೋಣೆಗಳು ಲಯತಪ್ಪಿ ಅದುರುತ್ತಿದ್ದರೆ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹರಿಯಬಹುದು. ಇಂಥವರಲ್ಲಿ ಲಕ್ವದ ಸಂಭವ ಸುಮಾರು ಐದು ಪಟ್ಟು. ಮತ್ತೊಮ್ಮೆ ಲಕ್ವ ಬಾರದಂತೆ ತಡೆಯಲು ಇದು ತಿಳಿದಿರಲೇಬೇಕು. ಆದರೆ ಆಸ್ಪತ್ರೆಯಲ್ಲಿ ತೆಗೆದ ಗೆರೆಯೂ ಇದನ್ನು ತಿಳಿಸುತ್ತದೆ. ಇನ್ನೊಂದು ವಿಚಿತ್ರವುಂಟು: ಮಿದುಳಿನ ಪೆಟ್ಟೇ ಹೃದಯದ ಗೆರೆಯನ್ನು ಬದಲಿಸಬಲ್ಲದೆಂದು ವೈದ್ಯರು 1954ರಲ್ಲಿಯೇ ಬರೆದಿದ್ದಾರೆ. ಆ ಗೆರೆ ನೋಡಿ ಹೃದಯಾಘಾತವೆಂದು ಭ್ರಮಿಸಲೂಬಹುದು.

ಪೂರ್ಣ ಇ.ಸಿ.ಜಿ.ಗೆ ಹತ್ತು ಪಟ್ಟಿಗಳನ್ನು ಅಂಟಿಸಬೇಕು: ಕೈಕಾಲಿಗೆ ನಾಲ್ಕು, ಎದೆಗೆ ಆರು. ಅಂಗಿ ಬಿಚ್ಚಬೇಕು, ರೋಗಿ ಅಲುಗಬಾರದು, ಗಾಡಿ ಕುಲುಕಿದರೆ ಗೆರೆ ಕೆಡುತ್ತದೆ. ಆದ್ದರಿಂದ ಗಾಡಿ ನಿಲ್ಲಿಸಬೇಕಾಗುತ್ತದೆ. ನಾಡಿಯ ಲಯವನ್ನಷ್ಟೇ ನೋಡುವ ಮಾನಿಟರಿಗೆ ಮೂರು ನಾಲ್ಕು ಪಟ್ಟಿ ಸಾಕು. ಓಡುವ ಗಾಡಿಯಲ್ಲೂ ಅದು ನಡೆಯುತ್ತದೆ. ಇಂಗ್ಲೆಂಡಿನಲ್ಲಿ ದಾಖಲೆಗಳನ್ನು ಪರಿಶೀಲಿಸಿದವರಿಗೆ, ಇ.ಸಿ.ಜಿ. ತೆಗೆಸಿಕೊಂಡ ಲಕ್ವದ ರೋಗಿಗಳು ಆಸ್ಪತ್ರೆ ಸೇರುವುದು ತಡವಾಗಿದ್ದುದು ಕಂಡುಬಂತು. ಇ.ಸಿ.ಜಿ. ಮಾಡಬೇಕು, ಆದರೆ ಅದಕ್ಕಾಗಿ ಔಷಧಿ ತಡವಾಗಕೂಡದು ಎಂದು ಅಮೆರಿಕದ ತಜ್ಞರ 2019ರ ಸೂತ್ರವೂ ಹೇಳುತ್ತದೆ. ಅದೇ ಸೂತ್ರದಂತೆ ಔಷಧಿಗೆ ಮೊದಲು ತಪ್ಪದೆ ಆಗಬೇಕಾದ ರಕ್ತಪರೀಕ್ಷೆ ಸಕ್ಕರೆಯದು. ಸಕ್ಕರೆ ಇಳಿದರೂ ಲಕ್ವದಂತೆಯೇ ಕಾಣಬಹುದು; ಬೆರಳ ತುದಿಯ ಒಂದು ಹನಿ ರಕ್ತದಿಂದ ಅದು ತಿಳಿಯುತ್ತದೆ.

ಎದೆನೋವು ಇದ್ದರೆ, ಎಚ್ಚರ ತಪ್ಪಿದರೆ, ನಾಡಿ ತೀರ ನಿಧಾನವಾದರೆ ಸಿಬ್ಬಂದಿ ಗಾಡಿ ನಿಲ್ಲಿಸಿ ಗೆರೆ ತೆಗೆಯಬಹುದು. ಅದು ಅವರ ವಿವೇಚನೆಗೆ ಬಿಟ್ಟದ್ದು. ಮನೆಯವರು ಮಾಡಬೇಕಾದ ಕೆಲಸಗಳು ಇಷ್ಟು: ರೋಗಿ ಕೊನೆಯ ಸಲ ಸರಿಯಾಗಿದ್ದ ಗಳಿಗೆಯನ್ನು ಬರೆದಿಟ್ಟುಕೊಳ್ಳಿ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ. ನಾಟಿ ಔಷಧಿಗೆಂದು ಊರೂರು ಅಲೆಯಬೇಡಿ. ನಿತ್ಯ ನುಂಗುವ ಮಾತ್ರೆಗಳ ಚೀಟಿಯನ್ನು ಜೊತೆಗೆ ಕೊಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಲು, ಮುಂಚಿತವಾಗಿ ಅಲ್ಲಿಗೆ ಸುದ್ದಿ ಮುಟ್ಟಿಸಲು ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಆ ಹಿರಿಯರು ಮತ್ತೆ ಇ.ಸಿ.ಜಿ. ಎಂದರೆ, "ದಾರಿಯಲ್ಲಿ ನೋಡುತ್ತಾರೆ ಅಜ್ಜಾ, ಮೊದಲು ಗಾಡಿ ಹೊರಡಲಿ" ಎಂದು ಸಮಾಧಾನ ಹೇಳಿ.