ರಿಂಗಿನ ಚಕ್ರಗಳಿಗೆ ಟೈರು ಹಾಕುವ ಕ್ರಮ

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕುವ ವಿದ್ಯೆಯನ್ನು ಕಮ್ಮಾರನಿಗೆ ಯಾರೂ ಕಲಿಸಬೇಕಾದುದಿಲ್ಲ. ಪಟ್ಟೆಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಬಿಗಿಮಾಡುವುದು ತಂದೆಯಿಂದ ಮಗನಿಗೆ ಬಂದ ಕೆಲಸ. ಆದರೆ ಕಬ್ಬು ಭತ್ತಗಳನ್ನು ಸಾಗಿಸುವ ಕಾರ್ಯವು ಟ್ರ್ಯಾಕ್ಟರಿನ ಟ್ರೇಲರುಗಳ ಪಾಲಿಗೆ ಬಂದ ತರುವಾಯ ಹಳ್ಳಿಗಳನ್ನು ಹೊಕ್ಕಿರುವ ಚಕ್ರವು ಬೇರೆ ಜಾತಿಯದು. ಇದರಲ್ಲಿರುವುದು ಬೆಂಕಿಯಲ್ಲ, ಗಾಳಿ. ಗಾಳಿಗೆ ಹೆದರುವ ಅಭ್ಯಾಸವು ನಮ್ಮ ಜನರಲ್ಲಿ ಇನ್ನೂ ಬಂದಿಲ್ಲ.

ಲಾರಿಯ ಟ್ಯೂಬುಳ್ಳ ಟೈರಿನ ಅಂಚು ಉಕ್ಕಿನ ತಂತಿಗಳಿಂದ ಕೂಡಿ ಬಹಳ ಗಡುಸಾಗಿರುವುದರಿಂದ, ಕಾರಿನ ಟೈರಿನಂತೆ ಅದನ್ನು ಪಟ್ಟಿಯಿಂದ ಮೀಟಿ ಅಖಂಡವಾದ ಡಿಸ್ಕಿನ ಒಳಕ್ಕೆ ಸೇರಿಸುವುದು ಕಷ್ಟ. ಆದಕಾರಣ ಡಿಸ್ಕಿನ ಒಂದು ಪಕ್ಕವನ್ನು ಕಳಚುವಂತೆ ಮಾಡಿರುತ್ತಾರೆ. ಟೈರನ್ನು ಆ ಕಡೆಯಿಂದ ಜಾರಿಸಿ, ಪಕ್ಕದ ರಿಂಗನ್ನು ಇಟ್ಟು, ಅದು ಹೊರಕ್ಕೆ ಬಾರದಂತೆ ಒಂದೆಡೆ ಸೀಳಿರುವ ಲಾಕ್ ರಿಂಗನ್ನು ಡಿಸ್ಕಿನ ಗಾಡಿಯಲ್ಲಿ ಕೂರಿಸುವರು. ಕೆಲವು ಮಾದರಿಗಳಲ್ಲಿ ಈ ಎರಡು ಕೆಲಸಗಳನ್ನೂ ಒಂದೇ ರಿಂಗು ಮಾಡುವುದುಂಟು. ಲಾರಿಗಳಿಂದ ಕಳಚಿದ ಇಂತಹ ಹಳೆಯ ಡಿಸ್ಕುಗಳು ಅಗ್ಗದ ಬೆಲೆಗೆ ಟ್ರೇಲರುಗಳಿಗೆ ಬರುತ್ತವೆ.

ಈ ರಿಂಗಿನ ಮೇಲೆ ಬೀಳುವ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. 20 ಅಂಗುಲದ ಡಿಸ್ಕಿನ ಟೈರಿಗೆ ಚದರ ಅಂಗುಲಕ್ಕೆ 100 ಪೌಂಡಿನಂತೆ ಗಾಳಿ ತುಂಬಿದರೆ, ರಿಂಗನ್ನು ಹೊರಕ್ಕೆ ನೂಕುವ ಟೈರಿನ ಪಕ್ಕದ ವಿಸ್ತೀರ್ಣವನ್ನು 350 ಚದರ ಅಂಗುಲವೆಂದು ಹಿಡಿದರೂ, ಒಟ್ಟು 35,000 ಪೌಂಡು, ಅಂದರೆ 15 ಟನ್ನಿಗೂ ಮೀರಿದ ಒತ್ತಡವಾಗುವುದು. ಇಷ್ಟನ್ನು ತಡೆದಿರುವುದು ಒಂದು ಸಣ್ಣ ಗಾಡಿಯಲ್ಲಿ ಕುಳಿತ ಸೀಳು ರಿಂಗು ಮಾತ್ರ. ಅದು ಹಾರಿದರೆ ಎದುರಿಗೆ ಬಗ್ಗಿ ಕುಳಿತವನ ತಲೆಗೆ ಉಳಿವಿಲ್ಲ. ಹೀಗೆ ಸಾಯುವವನು ಸಾಮಾನ್ಯವಾಗಿ ಯಜಮಾನನಲ್ಲ. ಕೂಲಿಯಾಳೋ, ಪಂಚರ್ ಅಂಗಡಿಯ ಹುಡುಗನೋ ಆಗಿರುತ್ತಾನೆ.

ಟೈರನ್ನು ಬಿಚ್ಚುವಾಗ ಗಾಳಿಯನ್ನು ಪೂರ್ಣವಾಗಿ ಬಿಟ್ಟ ಹೊರತು ಯಾವ ರಿಂಗನ್ನೂ ಮುಟ್ಟಕೂಡದು. ವಾಲ್ವಿನ ತುದಿಯನ್ನು ಒತ್ತಿ ಹಿಡಿದರೆ ಸಾಲದು, ಒಳಗಿನ ಪಿನ್ನನ್ನೇ ತೆಗೆಯಬೇಕು. ಗದ್ದೆಯ ಕೆಸರು ವಾಲ್ವಿನ ಕೊಳವೆಯಲ್ಲಿ ಕಟ್ಟಿಕೊಂಡು, ಗಾಳಿ ಒಳಗಿದ್ದರೂ ಹೊರಟುಹೋಯಿತೆಂಬ ಭ್ರಾಂತಿಯನ್ನುಂಟುಮಾಡುವ ಕಾರಣ, ತೆಳುವಾದ ತಂತಿಯೊಂದನ್ನು ಒಳಕ್ಕೆ ಹಾಯಿಸಿ ನೋಡುವುದು ಉತ್ತಮ. ಜೋಡಿ ಚಕ್ರಗಳಿದ್ದಲ್ಲಿ ಎರಡರ ಗಾಳಿಯನ್ನೂ ಬಿಟ್ಟ ಮೇಲೆಯೇ ನಟ್ಟುಗಳಿಗೆ ಕೈ ಹಾಕತಕ್ಕದ್ದು.

ಹಾಕುವಾಗ ಮೊದಲು ನೋಡಬೇಕಾದುದು ತುಕ್ಕನ್ನು. ಕಬ್ಬಿನ ಕಾಲ ಮುಗಿದ ಮೇಲೆ ಟ್ರೇಲರುಗಳು ಮಳೆಗಾಲವೆಲ್ಲಾ ಬಯಲಿನಲ್ಲಿ ನಿಂತಿರುವುದು ಸಾಮಾನ್ಯ. ಆಗ ಗಾಡಿಯಲ್ಲಿ ತುಕ್ಕೂ ಮಣ್ಣೂ ಸೇರಿ, ರಿಂಗು ಪೂರ್ತಿಯಾಗಿ ಕೂರದೆ ಕೂತಂತೆ ತೋರುತ್ತದೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ಬಿರುಕಿದ್ದರೂ ಸೊಟ್ಟಗಿದ್ದರೂ ತುಕ್ಕು ತಿಂದು ಗುಳಿ ಬಿದ್ದಿದ್ದರೂ ಅಂತಹ ಭಾಗವನ್ನು ಬಿಟ್ಟುಬಿಡಬೇಕು. ಅದನ್ನು ಬೆಸುಗೆ ಹಾಕಿಸುವುದಾಗಲಿ, ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದಾಗಲಿ ಕೂಡದು. ಒಂದು ಮಾದರಿಯ ರಿಂಗು ಮತ್ತೊಂದರ ಡಿಸ್ಕಿಗೆ ಕಣ್ಣಿಗೆ ಸರಿಹೊಂದಿದಂತೆ ಕಂಡರೂ ಅದು ಹೊಂದಿಕೆಯಲ್ಲ. ನಾಲ್ಕಾರು ಟ್ರೇಲರುಗಳುಳ್ಳವರು ಪ್ರತಿ ಡಿಸ್ಕಿಗೂ ಅದರ ರಿಂಗುಗಳಿಗೂ ಒಂದೇ ಬಣ್ಣದ ಗುರುತು ಹಾಕಿಸಿಟ್ಟರೆ ಈ ಗೊಂದಲವು ತಪ್ಪುವುದು.

ಗಾಳಿ ತುಂಬುವ ಸಮಯವೇ ಎಲ್ಲಕ್ಕಿಂತ ಅಪಾಯಕರ. ಅಮೆರಿಕಾ ಸರ್ಕಾರವು 1980ರಲ್ಲಿ ಇಂತಹ ಚಕ್ರಗಳಿಗೆಂದೇ ನಿಯಮಗಳನ್ನು ಮಾಡಿ, ಚಕ್ರವನ್ನು ಕಬ್ಬಿಣದ ಪಂಜರದಲ್ಲಿಟ್ಟು ಗಾಳಿ ತುಂಬತಕ್ಕದ್ದೆಂದು ವಿಧಿಸಿತು. ಟೈರಿಗೆ ನಿಗದಿಯಾದ ಗರಿಷ್ಠ ಗಾಳಿಯ ಒಂದೂವರೆಯಷ್ಟಿರುವಾಗ ಚಕ್ರ ಸಿಡಿದರೂ ಆ ಪಂಜರವು ತಾಳಬೇಕೆಂಬುದು ಅಲ್ಲಿಯ ಕಟ್ಟಳೆ; ಆದುದರಿಂದ ತೆಳುವಾದ ಪೈಪುಗಳಿಂದ ಬೆಸೆದ ಚೌಕಟ್ಟು ಪಂಜರವೆನಿಸಲಾರದು. ವಾಲ್ವನ್ನು ತಾನೇ ಕಚ್ಚಿಕೊಳ್ಳುವ ತುದಿಯೂ, ನಡುವೆ ಗಾಳಿಯಳೆಯುವ ಗೇಜೂ ಉಳ್ಳ ಉದ್ದವಾದ ರಬ್ಬರ್ ಪೈಪಿದ್ದರೆ, ರಿಂಗು ಹಾರುವ ದಾರಿಯಿಂದ ದೂರ ನಿಂತು ಗಾಳಿ ಹೊಡೆಯಬಹುದು. ಪಂಜರಕ್ಕೆ ಒರಗಿ ನಿಲ್ಲಬಾರದು, ಒಳಗೆ ಕೈಯಿಡಬಾರದು. ಗಾಳಿಯಿರುವಾಗ ರಿಂಗು ಓರೆಯಾಗಿ ಕಂಡರೆ ಸುತ್ತಿಗೆಯಿಂದ ತಟ್ಟಿ ಕೂರಿಸುವ ಚಾಳಿಯೊಂದು ಉಂಟು. ಅನೇಕರು ಸತ್ತಿರುವುದು ಆ ಪೆಟ್ಟಿನಿಂದಲೇ. ಗಾಳಿಯನ್ನೆಲ್ಲಾ ಬಿಟ್ಟು ಮೊದಲಿನಿಂದ ಕೂರಿಸಬೇಕು. ನಿಗದಿಯ ಗಾಳಿಯಲ್ಲಿ ಶೇಕಡ 80ಕ್ಕಿಂತ ಹೆಚ್ಚಿಲ್ಲದೆ ಓಡಿದ ಟೈರಿಗೆ ಗಾಡಿಯ ಮೇಲೆಯೇ ಮತ್ತೆ ಗಾಳಿ ತುಂಬದೆ, ಬಿಚ್ಚಿ ಪರೀಕ್ಷಿಸತಕ್ಕದ್ದು.

ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಜೀಪುಗಳನ್ನು ಇಂದಿಗೂ ಜೋಪಾನವಾಗಿಟ್ಟಿರುವವರಿಗೆ ಒಂದು ಮಾತು. ಆ ಜೀಪುಗಳಲ್ಲಿ ಕೆಲವಕ್ಕೆ ಎರಡು ಹೋಳುಗಳನ್ನು ನಟ್ಟುಗಳಿಂದ ಬಿಗಿದ ಚಕ್ರಗಳಿವೆ. ನಡುವಿನ ಐದು ನಟ್ಟುಗಳು ಚಕ್ರವನ್ನು ಗಾಡಿಗೆ ಹಿಡಿಯುವುವು. ಹೊರಸುತ್ತಿನವು ಹೋಳುಗಳನ್ನು ಹಿಡಿಯುವುವು. ಗಾಳಿಯಿರುವಾಗ ಹೊರಸುತ್ತಿನ ನಟ್ಟುಗಳನ್ನು ಸಡಿಲಿಸಿದರೆ ಚಕ್ರವೇ ಸಿಡಿಯುವುದು. ಅವಕ್ಕೆ ಕೆಂಪು ಬಣ್ಣ ಬಳಿದಿಡುವುದು ಒಳ್ಳೆಯ ರೂಢಿ.

ಸಕ್ಕರೆ ಕಾರ್ಖಾನೆಯ ಮುಂದೆ ಸರದಿ ತಪ್ಪುವುದೆಂದು ಯಜಮಾನರು ಅವಸರಪಡಿಸುವುದು ಸಹಜ. ಆದರೆ ಆ ಅವಸರದಲ್ಲಿಯೇ ಆಳು ಪಿನ್ನು ತೆಗೆಯದೆ ರಿಂಗಿಗೆ ಹಾರೆ ಹಾಕುತ್ತಾನೆ. ಪಂಜರದ ವೆಚ್ಚವು ಒಬ್ಬ ರೈತನಿಗೆ ಹೆಚ್ಚೆನಿಸಿದರೆ ಗ್ರಾಮದ ಸಹಕಾರ ಸಂಘದಿಂದ ಒಂದನ್ನು ತರಿಸಿ ಎಲ್ಲರೂ ಉಪಯೋಗಿಸಬಹುದು. ಕೆಟ್ಟುಹೋದ ರಿಂಗುಗಳನ್ನು ಹಾಗೆಯೇ ಗುಜರಿಗೆ ಹಾಕಿದರೆ ಅವು ಬಣ್ಣ ಬಳಿಸಿಕೊಂಡು ಮತ್ತೊಬ್ಬರ ಟ್ರೇಲರಿಗೆ ಬರುವುದುಂಟಾದ್ದರಿಂದ, ಎರಡು ತುಂಡಾಗಿ ಕತ್ತರಿಸಿದ ಮೇಲೆಯೇ ಮಾರತಕ್ಕದ್ದು.