ಹಲ್ಲಿನ ಸೆಟ್ ಯಾಕೆ ಮುರಿಯುತ್ತದೆ, ಯಾವುದು ತಾಳುತ್ತದೆ?

ಕಟ್ಟಿಸಿದ ಹಲ್ಲಿನ ಸೆಟ್ ಮುರಿಯಿತೇ? ಮೊದಲು ಬಿರುಕು ಎಲ್ಲಿ ಬಿಟ್ಟಿದೆ ನೋಡಿ. ಊಟ ಮಾಡುವಾಗ ಮೇಲಿನ ಸೆಟ್ ನಟ್ಟನಡುವೆ ಸೀಳಿದ್ದರೆ ಅದರ ಕಾರಣ ಬೇರೆ. ತೊಳೆಯುವಾಗ ಕೈಜಾರಿ ಬಚ್ಚಲ ಕಲ್ಲಿನ ಮೇಲೆ ಬಿದ್ದು ಒಡೆದಿದ್ದರೆ ಕಾರಣ ಬೇರೆ. "ಇನ್ನೂ ಗಟ್ಟಿ ಮಾಲು ಹಾಕಿಕೊಡ್ರಿ" ಎಂದು ಹೆಚ್ಚು ದುಡ್ಡು ಕೊಡುವ ಮುಂಚೆ ಇದು ಗೊತ್ತಿರಲಿ.

ಸೆಟ್ ಯಾವುದರಿಂದ ಆಗಿದೆ?
ವಸಡಿನ ಬಣ್ಣದ ತಳಭಾಗಕ್ಕೆ ಡೆಂಚರ್ ಬೇಸ್ ಎನ್ನುತ್ತಾರೆ. 1930ರ ದಶಕದವರೆಗೆ ಇದನ್ನು ಹೆಚ್ಚಾಗಿ ವಲ್ಕನೈಟ್ ಎಂಬ ಗಟ್ಟಿ ರಬ್ಬರಿನಲ್ಲಿ ಮಾಡುತ್ತಿದ್ದರು. ಈಗಿನದು ಅಕ್ರಿಲಿಕ್, ಒಂದು ಬಗೆಯ ಪ್ಲಾಸ್ಟಿಕ್. ಲ್ಯಾಬಿನಲ್ಲಿ ಪುಡಿಗೆ ದ್ರವ ಬೆರೆಸಿ ಕಲಸುತ್ತಾರೆ. ಅದನ್ನು ಪ್ಲಾಸ್ಟರ್ ಅಚ್ಚಿಗೆ ಒತ್ತಿ ತುಂಬಿ, ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಇದೇ ಹೀಟ್ ಕ್ಯೂರ್. ಅವಸರದಲ್ಲಿ ಕುದಿಸಿದರೆ ಒಳಗೆ ಗುಳ್ಳೆಗಳು ಉಳಿದು ಸೆಟ್ ದುರ್ಬಲವಾಗುತ್ತದೆ. ಬಿಸಿ ಇಲ್ಲದೆ ತಾನೇ ಗಟ್ಟಿಯಾಗುವುದು ಸೆಲ್ಫ್ ಕ್ಯೂರ್. ಇದು ರಿಪೇರಿಗೆ ಬಳಕೆ. ಬಾಗಿಸಿದಾಗ ಮುರಿಯದೆ ತಾಳುವ ಶಕ್ತಿಯನ್ನು ಮೆಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೀಟ್ ಕ್ಯೂರ್‌ಗೆ ಇದು ಕನಿಷ್ಠ 65 ಇರಬೇಕು, ಸೆಲ್ಫ್ ಕ್ಯೂರ್‌ಗೆ 60.

ನಡುವೆ ಸೀಳುವುದೇಕೆ?
ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷ ಕಳೆದಂತೆ ಸವೆಯುತ್ತದೆ. ಅಂಗುಳದ ನಡುಭಾಗ ಅಷ್ಟು ಸವೆಯುವುದಿಲ್ಲ. ಆಗ ಸೆಟ್ ಬದಿಗಳಲ್ಲಿ ಸಡಿಲಾಗಿ, ನಡುವೆ ಊರಿ ಕೂಡುತ್ತದೆ. ಕಟಕ ರೊಟ್ಟಿ, ಶೇಂಗಾ ಅಗಿದಾಗಲೆಲ್ಲ ಸ್ವಲ್ಪ ಬಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವಂತೆಯೇ ಇದೂ. ಇದಕ್ಕೆ ರೀಲೈನಿಂಗ್, ಅಂದರೆ ಒಳಮೈಗೆ ಹೊಸ ಪದರ ಕೊಟ್ಟು ಬಾಯಿಗೆ ಸರಿಹೊಂದಿಸುವುದೇ ಪರಿಹಾರ. ಅಳತೆ ತಪ್ಪಿದ ಸೆಟ್ಟನ್ನು ಬರೀ ಅಂಟಿಸಿದರೆ ಮತ್ತೆ ಅಲ್ಲೇ ಸೀಳುತ್ತದೆ.

ಮುಂಡರಗಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು, ಅದರಿಂದ ಸೆಟ್ ಕೆಡುವುದೇ? ಇಲ್ಲ. ಮಕ್ಕಳಲ್ಲಿ ಹಲ್ಲು ರೂಪುಗೊಳ್ಳುವಾಗ ಫ್ಲೋರೈಡ್ ಕಲೆ ಮಾಡುತ್ತದೆ. ಅಕ್ರಿಲಿಕ್ಕಿಗೆ ಅದರ ತೊಂದರೆ ಇಲ್ಲ.

ಯಾವುದು ಆರಿಸಬೇಕು, ಖರ್ಚೆಷ್ಟು?
ಎಲ್ಲಕ್ಕಿಂತ ಅಗ್ಗ ಸಾದಾ ಹೀಟ್ ಕ್ಯೂರ್. ಹೊಂದಿಕೆ ಸರಿಯಿದ್ದರೆ ಬಹಳ ಮಂದಿಗೆ ಇದೇ ಸಾಕು. ಪದೇ ಪದೇ ಕೈಜಾರುವವರಿಗೆ ಹೈ ಇಂಪ್ಯಾಕ್ಟ್ ಅಕ್ರಿಲಿಕ್ ಒಳ್ಳೆಯದು. ಅದರಲ್ಲಿ ರಬ್ಬರ್ ಅಂಶ ಸೇರಿರುವುದರಿಂದ ಬಿದ್ದ ಪೆಟ್ಟನ್ನು ತಾಳುತ್ತದೆ, ಬೆಲೆ ಸ್ವಲ್ಪ ಹೆಚ್ಚು. ಹೊಂದಿಕೆ ಸರಿಯಿದ್ದೂ ಸೀಳುತ್ತಿದ್ದರೆ ಕೋಬಾಲ್ಟ್-ಕ್ರೋಮಿಯಂ ಲೋಹದ ತಳ ಹಾಕಿಸಬಹುದು. ಅದು ತೆಳು, ಬಲು ಗಟ್ಟಿ, ಆದರೆ ದುಬಾರಿ. ನೈಲಾನಿನ ಫ್ಲೆಕ್ಸಿಬಲ್ ಸೆಟ್ ಸುಲಭವಾಗಿ ಮುರಿಯುವುದಿಲ್ಲ, ಆದರೆ ಅದಕ್ಕೆ ರಿಪೇರಿಯೂ ರೀಲೈನಿಂಗೂ ಕಷ್ಟ. ಕೆಲವೇ ಹಲ್ಲು ಕಟ್ಟಿಸುವವರು ಇದನ್ನು ಯೋಚಿಸಬಹುದು.

ಎಲ್ಲಿಗೆ ಹೋಗಬೇಕು?
ಶಿರಹಟ್ಟಿ, ಮುಂಡರಗಿಯವರು ಗದಗಿನ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಮೊದಲು ವಿಚಾರಿಸಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲು ರಾಜ್ಯ ಸರ್ಕಾರ ತಂದ ದಂತಭಾಗ್ಯ ಯೋಜನೆಯ ಬಗ್ಗೆಯೂ ಅಲ್ಲೇ ಕೇಳಿ. ವಯಸ್ಸಿನ ಮಿತಿ, ಬೇಕಾದ ಕಾಗದಪತ್ರ ತಿಳಿದುಕೊಳ್ಳಿ. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿ ಕಡೆ ಹೋಗುವವರಿಗೆ ಧಾರವಾಡ ರಸ್ತೆಯ ಸತ್ತೂರಿನಲ್ಲಿ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜಿದೆ. ಅಲ್ಲಿ ಪ್ರಾಸ್ತೊಡಾಂಟಿಕ್ಸ್, ಅಂದರೆ ಕೃತಕ ಹಲ್ಲು ಕೂರಿಸುವ ವಿಭಾಗ ಎಲ್ಲಿದೆ ಎಂದು ಕೇಳಿ.

ಮನೆಯಲ್ಲಿ ಏನು ಮಾಡಬೇಕು?
ತೊಳೆಯುವಾಗ ಕೆಳಗೆ ನೀರು ತುಂಬಿದ ಬುಟ್ಟಿ ಇಟ್ಟುಕೊಳ್ಳಿ; ಜಾರಿದರೂ ನೀರಿಗೇ ಬೀಳುತ್ತದೆ. ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಮುರಿದರೆ ಫೆವಿಕ್ವಿಕ್ ಹಚ್ಚಬೇಡಿ. ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂಡದೆ ಹೋಗುತ್ತವೆ. ಚೂರು ಎಷ್ಟೇ ಸಣ್ಣದಿದ್ದರೂ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಒಯ್ಯಿರಿ. "ರಿಪೇರಿ ಎಷ್ಟು?" ಎನ್ನುವ ಮುಂಚೆ "ಸಡಿಲಾಗಿದೆಯಾ ನೋಡ್ರಿ" ಎಂದು ಕೇಳಿ.